ಎಲ್ಲೋ ಒಂದು ಕಡೆ ಜಾರಲೇಬೇಕು

(ಪುಣೆಯ ಕನ್ನಡಿಗರ ತಿಂಗಳ ಕೂಟವೊಂದರಲ್ಲಿ ಆಡಿದ ಮಾತುಗಳನ್ನು ಗೆಳೆಯರ ಒತ್ತಾಯಕ್ಕೆ ಬರಹಕ್ಕೆ ಇಳಿಸಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ಕೈಬಿಟ್ಟಿದ್ದೇನೆ. ಸಭೆಯಲ್ಲಿ ಫ್ಯಾನು ಇಟ್ಟು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ತೋರಿಸಬೇಕಾಗಿದೆ.)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಇದೇ ವೇದಿಕೆಯ ಮೇಲೆ ಗಮಕ ವಾಚನ ನಡೆದಿತ್ತು. ಈ ತಿಂಗಳು ಭೋಸರಿಯ ಗೇರ್‌ಬಾಕ್ಸ್ ರಿಪೇರಿಯವನನ್ನು ತಂದು ನಿಲ್ಲಿಸಿದ್ದೀರಿ. ಮುಂದಿನ ಸಾಲಿನ ಹಿರಿಯರ ಮುಖ ನೋಡಿದರೆ ಕಾರ್ಯದರ್ಶಿಗಳ ಆಯ್ಕೆಯ ಬಗ್ಗೆ ಅವರಿಗೆ ಅನುಮಾನ ಬಂದಂತಿದೆ. ಗಾಬರಿಯಾಗಬೇಡಿ, ನನ್ನ ಮಾತಿನಲ್ಲೂ ತೇರು ಬರುತ್ತದೆ, ಸ್ವಲ್ಪ ತಡವಾಗಿ.

ಈ ವಿಷಯ ನನ್ನ ತಲೆಗೆ ಹಾಕಿದವನು ಅಕ್ಕನ ಮಗ. ಧಾರವಾಡದಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ. "ಮಾಮಾ, ಆಟೊಮ್ಯಾಟಿಕ್ ಸ್ಪೋರ್ಟ್ಸ್ ಕಾರಿನಲ್ಲಿ ಕ್ಲಚ್ ಪೆಡಲೇ ಇಲ್ಲ. ನಿಂತ ಕಡೆಯಿಂದ ಬಾಣದಂತೆ ಹೊರಡಬೇಕಾದರೆ ಆಕ್ಸಿಲರೇಟರ್ ಪೂರ್ತಿ ತುಳಿದರೆ ಮುಗಿಯಿತಲ್ಲ, ಅದರಲ್ಲಿ ಕಲಿಯುವುದು ಏನಿದೆ?" ಎಂದು ಕೇಳಿದ. ಬಾಯಲ್ಲಿ ಹೋಳಿಗೆ ಇತ್ತು, ಉತ್ತರ ಹೇಳಲಿಲ್ಲ. ಆ ಬಾಕಿಯನ್ನು ಇವತ್ತು ತೀರಿಸುತ್ತಿದ್ದೇನೆ.

ಮೊದಲೇ ಒಂದು ಮಾತು. ನಾನು ಹೇಳುವುದನ್ನೆಲ್ಲ ಮಾಡಿ ನೋಡುವ ಜಾಗ ಬಾಣೇರ್ ರಸ್ತೆಯೂ ಅಲ್ಲ, ಎಕ್ಸ್‌ಪ್ರೆಸ್‌ವೇಯೂ ಅಲ್ಲ. ಸಾರ್ವಜನಿಕ ರಸ್ತೆಯಲ್ಲಿ ವೇಗದ ಪಂದ್ಯ ಕಟ್ಟುವುದು 1988ರ ಮೋಟಾರು ವಾಹನ ಕಾಯ್ದೆಯ 189ನೆಯ ಕಲಮಿನ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದವರಿಗೇ ಐದು ಸಾವಿರ ರೂಪಾಯಿಯವರೆಗೆ ದಂಡ, ಸೆರೆವಾಸ ಅಥವಾ ಎರಡೂ. ಮುಚ್ಚಿದ ಟ್ರ್ಯಾಕು ಅಥವಾ ಆಯೋಜಕರಿರುವ ಓಡುದಾರಿ ಬೇಕು. ಲೋಣಾವಳದ ಆಚೆಗೆ ಆಂಬಿ ವ್ಯಾಲಿಯ ವಿಮಾನದ ಓಡುದಾರಿಯಲ್ಲಿ ಡ್ರ್ಯಾಗ್ ಸ್ಪರ್ಧೆಗಳು, ಅಂದರೆ ನಿಂತ ಕಡೆಯಿಂದ ನೇರ ದಾರಿಯಲ್ಲಿ ಯಾರು ಬೇಗ ಮುಟ್ಟುತ್ತಾರೆ ಎಂಬ ಓಟಗಳು, ನಡೆದಿವೆ. ಅಲ್ಲಿ ನನ್ನ ಮಾನ ಹೋದ ಕಥೆಯನ್ನೂ ಹೇಳುತ್ತೇನೆ.

ಈಗ ವಿಷಯಕ್ಕೆ. ಕಾರು ನಿಂತಿದೆ, ಎಂಜಿನ್ ಓಡುತ್ತಿದೆ. ಎಂಜಿನ್ ನಿಮಿಷಕ್ಕೆ ಏಳೆಂಟು ನೂರು ಸುತ್ತು ಹಾಕುತ್ತಿದೆ, ಚಕ್ರ ಸೊನ್ನೆ. ಪೆಟ್ರೋಲ್ ಎಂಜಿನ್‌ಗೆ ಸೊನ್ನೆಯಿಂದ ಎಳೆಯುವ ಶಕ್ತಿಯಿಲ್ಲ. ತಿರುಗುತ್ತಿದ್ದರೆ ಮಾತ್ರ ಅದಕ್ಕೆ ಜೀವ. ತಿರುಗುವ ಒಂದು ದಂಡವನ್ನು ನಿಂತ ಇನ್ನೊಂದು ದಂಡಕ್ಕೆ ಜೋಡಿಸಬೇಕು. ಹಾಗಾದರೆ ನಡುವೆ ಎಲ್ಲೋ ಒಂದು ಕಡೆ ಜಾರಲೇಬೇಕು. ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕ್ಲಚ್ ತಟ್ಟೆ ಜಾರಬೇಕು, ಇಲ್ಲವೇ ಎಣ್ಣೆ ಜಾರಬೇಕು, ಇಲ್ಲವೇ ಟೈರು ರಸ್ತೆಯ ಮೇಲೆ ಜಾರಬೇಕು. ಯಾವುದೂ ಜಾರದಿದ್ದರೆ ಎಂಜಿನ್ ಬಂದ್ ಬೀಳುತ್ತದೆ. ಬೇಗ ಹೊರಡುವ ವಿದ್ಯೆ ಎಂದರೆ ಎಲ್ಲಿ ಜಾರಬೇಕು, ಎಷ್ಟು ಜಾರಬೇಕು ಎಂಬುದನ್ನು ನಿರ್ಧರಿಸುವುದು. ಕ್ಲಚ್ ಪೆಡಲ್ ಇರುವ ಗಾಡಿಯಲ್ಲಿ ಅದನ್ನು ನಿಮ್ಮ ಎಡಗಾಲು ನಿರ್ಧರಿಸುತ್ತದೆ. ಆಟೊಮ್ಯಾಟಿಕ್‌ನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲೋ ಫ್ರೀಡ್ರಿಶ್‌ಹಾಫನ್‌ನಲ್ಲೋ ಕುಳಿತ ಎಂಜಿನಿಯರು ಅರ್ಧ ನಿರ್ಧರಿಸಿ ಕಳಿಸಿರುತ್ತಾನೆ. ಉಳಿದರ್ಧ ನಿಮ್ಮದು.

ಈ ಮೇಜಿನ ಮೇಲಿರುವುದು ಟಾರ್ಕ್ ಕನ್ವರ್ಟರ್, ಆಟೊಮ್ಯಾಟಿಕ್‌ನಲ್ಲಿ ಕ್ಲಚ್ಚಿನ ಜಾಗದಲ್ಲಿ ಕೂರುವ ಯಂತ್ರ. ಕತ್ತರಿಸಿ ತಂದಿದ್ದೇನೆ. ಹೊರಗಿನಿಂದ ನೋಡಿದರೆ ದೈತ್ಯನಿಗೆ ಕರಿದ ಉದ್ದಿನ ವಡೆ, ನಡುವೆ ತೂತು. ಒಳಗೆ ಕಿತ್ತಳೆ ತೊಳೆಗಳಂತೆ ಸಾಲಾಗಿ ತಗಡಿನ ರೆಕ್ಕೆಗಳು. ಎಂಜಿನ್ ಕಡೆಯಿಂದ ತಿರುಗುವುದು ಪಂಪು, ಗೇರ್‌ಬಾಕ್ಸನ್ನು ತಿರುಗಿಸುವುದು ಟರ್ಬೈನು. ಎರಡೂ ಒಂದಕ್ಕೊಂದು ತಾಗುವುದಿಲ್ಲ, ನಡುವೆ ಬರೀ ಎಣ್ಣೆ.

ಇದನ್ನು ವಿವರಿಸಲು ಎಲ್ಲರೂ ಮಾಡುವ ಪ್ರಯೋಗವನ್ನೇ ನಾನೂ ಮಾಡಿದೆ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಕರೆಂಟು ಕೊಟ್ಟೆ. ಅದರ ಗಾಳಿಗೆ ಇನ್ನೊಂದು ಮೆಲ್ಲಗೆ ತಿರುಗತೊಡಗಿತು. ಎರಡನೆಯದರ ರೆಕ್ಕೆಯನ್ನು ಒಬ್ಬ ಹುಡುಗ ಬೆರಳಿನಿಂದ ಹಿಡಿದು ನಿಲ್ಲಿಸಿದ, ಮೊದಲನೆಯದು ತನ್ನ ಪಾಡಿಗೆ ಓಡುತ್ತಲೇ ಇತ್ತು. ಸಿಗ್ನಲ್ಲಿನಲ್ಲಿ ಡ್ರೈವ್‌ನಲ್ಲೇ ನಿಂತ ಆಟೊಮ್ಯಾಟಿಕ್ ಕಾರು ಹೀಗೆ. ಹುಡುಗನ ಬೆರಳೇ ಬ್ರೇಕು.

ಆದರೆ ಈ ಫ್ಯಾನುಗಳು ಹೇಳುವುದು ಅರ್ಧ ಸತ್ಯ, ಅದೂ ಸಣ್ಣ ಅರ್ಧ. ಗಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು, ಅಲ್ಲಿಗೆ ಮುಗಿಯಿತು. ಕನ್ವರ್ಟರಿನಲ್ಲಿ ಎಣ್ಣೆ ಟರ್ಬೈನಿಗೆ ಹೊಡೆದು ಮತ್ತೆ ಪಂಪಿಗೆ ಮರಳುತ್ತದೆ. ಬರೀ ಎರಡೇ ಚಕ್ರಗಳಿದ್ದರೆ ಮರಳಿದ ಎಣ್ಣೆ ಪಂಪಿಗೆ ಎದುರಾಗಿ ಹೊಡೆದು ಅದನ್ನು ತಡೆಯುತ್ತದೆ. ಅದಕ್ಕೇ ನಡುವೆ ಈ ಮೂರನೆಯ ಸಣ್ಣ ಚಕ್ರ, ಸ್ಟೇಟರ್. ಅದು ಎಣ್ಣೆಯ ಮುಖ ತಿರುಗಿಸಿ ಪಂಪಿನ ಬೆನ್ನಿಗೆ ಹಾಯಿಸುತ್ತದೆ. ಜೋಕಾಲಿ ಹಿಂದಕ್ಕೆ ಬರುವಾಗ ಎದುರು ನಿಂತು ತಡೆದರೆ ಏಟು ಬೀಳುತ್ತದೆ, ಮುಂದಕ್ಕೆ ತಿರುಗುವ ಗಳಿಗೆಗೆ ಬೆನ್ನಿಗೆ ಕೈ ಕೊಟ್ಟರೆ ಇನ್ನೂ ಮೇಲೆ ಏರುತ್ತದೆ. ಸ್ಟೇಟರ್ ಮಾಡುವುದು ಆ ಎರಡನೆಯ ಕೆಲಸ. ಪರಿಣಾಮವಾಗಿ ಎಂಜಿನ್ ಕೊಟ್ಟ ತಿರುಗಿಸುವ ಬಲ ಆಚೆ ಕಡೆ ಸುಮಾರು ಎರಡು ಪಟ್ಟಾಗಿ ಹೊರಬರುತ್ತದೆ. ಇನ್ನೂ ಸ್ವಾರಸ್ಯದ ಸಂಗತಿ ಬೇರೆ ಇದೆ: ಈ ಎರಡು ಪಟ್ಟು ಸಿಗುವುದು ಟರ್ಬೈನು ನಿಂತಿರುವಾಗ ಮಾತ್ರ. ಅದು ವೇಗ ಹಿಡಿಯುತ್ತ ಪಂಪಿನ ಸಮಕ್ಕೆ ಬಂದ ಹಾಗೆ ಲಾಭ ಕರಗಿ ಒಂದಕ್ಕೊಂದು ಆಗುತ್ತದೆ. ನಿಂತ ಗಾಡಿಗೆ ಎಷ್ಟು ಬೇಕೋ ಅಷ್ಟು, ಹೊರಟ ಮೇಲೆ ಇಲ್ಲ. ಇಷ್ಟು ಸಮಯಸ್ಫೂರ್ತಿಯ ಯಂತ್ರ ಇನ್ನೊಂದನ್ನು ನಾನು ಕಂಡಿಲ್ಲ.

ಇದನ್ನು ಕಾರಿಗೆಂದು ಕಂಡುಹಿಡಿದದ್ದೂ ಅಲ್ಲ. 1905ರಲ್ಲಿ ಹರ್ಮನ್ ಫೋಟಿಂಗರ್ ಎಂಬ ಜರ್ಮನ್ ಎಂಜಿನಿಯರ್ ಪೇಟೆಂಟು ಪಡೆದದ್ದು ಹಡಗಿಗಾಗಿ. ಆವಿ ಟರ್ಬೈನಿಗೆ ಜೋರಾಗಿ ತಿರುಗುವ ಚಟ, ಹಡಗಿನ ಪ್ರೊಪೆಲರಿಗೆ ನಿಧಾನವೇ ಒಳ್ಳೆಯದು. ಇಬ್ಬರ ನಡುವೆ ರಾಜಿ ಮಾಡಿಸಲು ದ್ರವ ಬಂತು.

ಈಗ ಬೇಗ ಹೊರಡುವ ಹಳೆಯ ರೀತಿ ಅರ್ಥವಾಗುತ್ತದೆ. ಎಡಗಾಲಿನಿಂದ ಬ್ರೇಕು ಗಟ್ಟಿಯಾಗಿ ಒತ್ತಿ, ಬಲಗಾಲಿನಿಂದ ಆಕ್ಸಿಲರೇಟರ್ ಕೊಡುತ್ತ ಹೋಗುವುದು. ಎಂಜಿನ್ ಎರಡು ಎರಡೂವರೆ ಸಾವಿರ ಸುತ್ತಿನವರೆಗೆ ಏರಿ ಅಲ್ಲೇ ನಿಲ್ಲುತ್ತದೆ. ಇದಕ್ಕೆ ನಮ್ಮ ಭಾಷೆಯಲ್ಲಿ ಸ್ಟಾಲ್ ಸ್ಪೀಡ್ ಎನ್ನುತ್ತೇವೆ. ಟರ್ಬೊ, ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಪಂಪು, ಇದ್ದರೆ ಈ ಹೊತ್ತಿಗೆ ಅದರ ಗಾಳಿಯ ಒತ್ತಡವೂ ತುಂಬಿಕೊಳ್ಳುತ್ತದೆ. ಟರ್ಬೊ ಗಾಡಿಗಳಿಗೆ ಈ ರೀತಿಯಿಂದ ಆಗುವ ಲಾಭ ಸಾದಾ ಎಂಜಿನ್‌ಗಳಿಗೆ ಆಗುವುದಿಲ್ಲ. ಆಮೇಲೆ ಎಡಗಾಲು ಬಿಡುವುದು.

ತೇರು ಬರುವುದು ಇಲ್ಲಿ. ತೇರು ಎಳೆಯುವುದನ್ನು ನೋಡಿದ್ದೀರಿ. ಹಗ್ಗ ಸಡಿಲವಾಗಿರುವಾಗಲೇ ನೂರು ಜನ ಒಮ್ಮೆಗೇ ಜಗ್ಗಿದರೆ ಏನಾಗುತ್ತದೆ? ಅರ್ಧ ಜನ ಅಂಗಾತ ಬೀಳುತ್ತಾರೆ, ಇಲ್ಲವೇ ಹಗ್ಗ ಹರಿಯುತ್ತದೆ, ತೇರು ಮಾತ್ರ ಅಲುಗುವುದಿಲ್ಲ. ತಿಳಿದವರು ಮೊದಲು ಹಗ್ಗವನ್ನು ಬಿಗಿ ಮಾಡಿಸುತ್ತಾರೆ, ಗಾಲಿಗೆ ಕೊಟ್ಟ ಅಡ್ಡ ಮರದ ತುಂಡು ಹಾಗೇ ಇರುತ್ತದೆ, ಹಗ್ಗ ಬಿಗಿದು ತೇರು ಸಣ್ಣಗೆ ನರಳಿದ ಮೇಲೆ ಅಡ್ಡ ತೆಗೆದು ಕೂಗು ಹಾಕುತ್ತಾರೆ. ಕಾರಿನಲ್ಲೂ ಎಂಜಿನ್‌ನಿಂದ ಚಕ್ರದವರೆಗೆ ಸಡಿಲ ಇರುತ್ತದೆ. ಗೇರು ಹಲ್ಲುಗಳ ನಡುವೆ ಸಂದು, ಆಕ್ಸಲ್ ಕೀಲುಗಳಲ್ಲಿ ಸಂದು, ರಬ್ಬರು ಮೌಂಟುಗಳಲ್ಲಿ ಕುಪ್ಪಳಿಸುವಿಕೆ. ಬ್ರೇಕಿನ ಎದುರು ಸ್ವಲ್ಪ ಬಲ ಕೊಟ್ಟಾಗ ಈ ಸಡಿಲವೆಲ್ಲ ಒಂದು ಕಡೆಗೆ ಬಿಗಿಯುತ್ತದೆ. ಕಾರಿನ ಹಿಂಭಾಗ ಒಂದು ಬೆರಳಿನಷ್ಟು ಕುಕ್ಕರಿಸುವುದು ಸೀಟಿನಲ್ಲಿ ಕುಳಿತವರಿಗೆ ಗೊತ್ತಾಗುತ್ತದೆ. ಹಗ್ಗ ಬಿಗಿದಿದೆ ಎಂದು ಅರ್ಥ.

ಅಲ್ಲೇ ಕುಳಿತು ಧ್ಯಾನ ಮಾಡುವ ಹಾಗಿಲ್ಲ. ಲೆಕ್ಕ ಹಾಕಿ. 400 ನ್ಯೂಟನ್ ಮೀಟರ್ ಬಲದ ಎಂಜಿನ್ 2500 ಸುತ್ತಿನಲ್ಲಿ ಸ್ಟಾಲ್ ಆಗಿ ನಿಂತಿದೆ ಎಂದರೆ ಅದು ಸುಮಾರು 100 ಕಿಲೋವಾಟ್ ಶಕ್ತಿ ಹೊರಹಾಕುತ್ತಿದೆ. ಚಕ್ರ ತಿರುಗುತ್ತಿಲ್ಲ. ಹಾಗಾದರೆ ಅಷ್ಟೂ ಶಕ್ತಿ ಎಲ್ಲಿಗೆ ಹೋಗಬೇಕು? ಎಣ್ಣೆಗೆ. ನಿಮ್ಮ ಬಚ್ಚಲುಮನೆಯ ಗೀಸರ್ ಎರಡು ಕಿಲೋವಾಟಿನದು. ಐವತ್ತು ಗೀಸರುಗಳನ್ನು ಏಳೆಂಟು ಲೀಟರ್ ಎಣ್ಣೆಯಲ್ಲಿ ಮುಳುಗಿಸಿ ಒಟ್ಟಿಗೆ ಸ್ವಿಚ್ ಹಾಕಿದಂತೆ. ಐದು ಸೆಕೆಂಡಿನಲ್ಲಿ ಆ ಎಣ್ಣೆ ಮೂವತ್ತೈದು ಡಿಗ್ರಿಯಷ್ಟು ಕಾಯುತ್ತದೆ, ಕನ್ವರ್ಟರಿನ ಒಳಗಿರುವ ಭಾಗವಂತೂ ಅದಕ್ಕಿಂತ ಹೆಚ್ಚು. ಸ್ಟಾಲ್ ಪರೀಕ್ಷೆಯನ್ನು ಐದು ಸೆಕೆಂಡಿಗಿಂತ ಹೆಚ್ಚು ಮಾಡಬೇಡಿ ಎಂದು ನಮ್ಮ ರಿಪೇರಿ ಪುಸ್ತಕಗಳು ಹೇಳುವುದು ಇದಕ್ಕೇ.

ನನ್ನ ಮಾನ ಹೋದದ್ದೂ ಇಲ್ಲೇ. ಕೆಲವು ವರ್ಷಗಳ ಹಿಂದೆ ಗೆಳೆಯನೊಬ್ಬನ ಕಾರು ತೆಗೆದುಕೊಂಡು ಆ ಓಡುದಾರಿಗೆ ಹೋಗಿದ್ದೆ. ಟಾರ್ಕ್ ಕನ್ವರ್ಟರ್ ಇದ್ದ ಟರ್ಬೊ ಗಾಡಿ. ಗೆರೆಯ ಮೇಲೆ ನಿಂತು ಎರಡೂ ಪೆಡಲ್ ಒತ್ತಿ ಸಿದ್ಧನಾದೆ. ಪಕ್ಕದ ಸಾಲಿನವನು ಸಿದ್ಧನಾಗಿರಲಿಲ್ಲ, ಹೆಲ್ಮೆಟ್ಟಿನ ಪಟ್ಟಿಯ ಜೊತೆ ಒದ್ದಾಡುತ್ತಿದ್ದ. ನಾನು ಬಿಡಲಿಲ್ಲ, ಈಗ ದೀಪ ಬರುತ್ತದೆ, ಈಗ ಬರುತ್ತದೆ ಎಂದು ಹಿಡಿದೇ ಇದ್ದೆ. ದೀಪ ಬಂತು. ಪಕ್ಕದವನು ಹೋದ. ನನ್ನ ಕಾರು ಮೊದಲ ಐವತ್ತು ಮೀಟರ್ ಓಡಿ, ಆಮೇಲೆ ಪರದೆಯ ಮೇಲೆ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆ ತೋರಿಸಿ, ಶಕ್ತಿ ಕಡಿಮೆ ಮಾಡಿಕೊಂಡು, ಮದುವೆ ಮೆರವಣಿಗೆಯ ಗಾಡಿಯ ಹಾಗೆ ಗಂಭೀರವಾಗಿ ಮುಂದೆ ಸಾಗಿತು. ಡಾಕ್ಟರಿಗೇ ಜ್ವರ ಬಂತು ಎಂದು ನಮ್ಮ ಹುಡುಗರು ಇವತ್ತಿಗೂ ಆಡಿಕೊಳ್ಳುತ್ತಾರೆ. ಕಾರಿನ ತಪ್ಪು ಏನೂ ಇರಲಿಲ್ಲ. ಅದು ತನ್ನ ಜೀವ ಉಳಿಸಿಕೊಂಡಿತು. ಎರಡು ಸೆಕೆಂಡು ಹಿಡಿದು ಬಿಡಬೇಕಾದದ್ದನ್ನು ನಾನು ಹದಿನೈದು ಸೆಕೆಂಡು ಹಿಡಿದಿದ್ದೆ.

ಇತ್ತೀಚಿನ ಎಷ್ಟೋ ಕಾರುಗಳಲ್ಲಿ ಈ ಹಳೆಯ ರೀತಿ ನಡೆಯುವುದೇ ಇಲ್ಲ. ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಚಾಲಕ ಗಾಬರಿಯಲ್ಲಿದ್ದಾನೆ ಎಂದು ಕಂಪ್ಯೂಟರು ತಿಳಿದು ಎಂಜಿನ್‌ನ ಶಕ್ತಿ ಕಡಿಯುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. ಬೇಗ ಹೊರಡಬೇಕೆಂದು ನೀವು ಬಯಸಿದ್ದೀರಿ ಎಂದು ಅದಕ್ಕೆ ಮೊದಲೇ ತಿಳಿಸಬೇಕು. ಅದೇ ಲಾಂಚ್ ಕಂಟ್ರೋಲ್. ಗುಂಡಿಗಳ ಕ್ರಮ ಕಾರಿನಿಂದ ಕಾರಿಗೆ ಬೇರೆ, ಸಾರ ಒಂದೇ. ಎಂಜಿನ್ ಮತ್ತು ಗೇರ್‌ಬಾಕ್ಸ್ ಎಣ್ಣೆ ಕಾದಿರಬೇಕು, ಸ್ಟಿಯರಿಂಗ್ ನೇರವಾಗಿರಬೇಕು, ಅತಿ ಚುರುಕಿನ ಮೋಡ್ ಆರಿಸಬೇಕು. ಎಡಗಾಲು ಬ್ರೇಕಿನ ಮೇಲೆ ಭಾರವಾಗಿ. ಬಲಗಾಲು ಆಕ್ಸಿಲರೇಟರನ್ನು ಒಂದೇ ಏಟಿಗೆ ತಳ ಮುಟ್ಟಿಸಬೇಕು. ಅರ್ಧ ತುಳಿದು ಯೋಚಿಸಿದರೆ ಅದು ಒಪ್ಪುವುದಿಲ್ಲ. ಎಂಜಿನ್ ಸುತ್ತು ತೋರಿಸುವ ಮುಳ್ಳು ಒಂದು ಕಡೆ ನಿಂತು ನಡುಗುತ್ತದೆ, ಎಂಜಿನ್ ಗಂಟಲಲ್ಲಿ ಏನೋ ಸಿಕ್ಕಿದಂತೆ ಸದ್ದು ಮಾಡುತ್ತದೆ, ಪರದೆಯ ಮೇಲೆ ಸಿದ್ಧ ಎಂಬ ಸೂಚನೆ ಬರುತ್ತದೆ. ಎಡಗಾಲನ್ನು ಥಟ್ಟನೆ ಪಕ್ಕಕ್ಕೆ ಎಳೆದುಬಿಡಬೇಕು. ಮೆಲ್ಲಗೆ ಬಿಡುವ ನಯ ಇಲ್ಲಿ ಬೇಡ, ನಯವನ್ನೆಲ್ಲ ಕಂಪ್ಯೂಟರು ನೋಡಿಕೊಳ್ಳುತ್ತದೆ. ಹಳೆಯ ರೀತಿಯಲ್ಲಾದರೆ ತಿರುಗುಮುರುಗು: ಬ್ರೇಕು ಬಿಟ್ಟ ಮೇಲೆ ಆಕ್ಸಿಲರೇಟರನ್ನು ಉಣಿಸುತ್ತ ಹೋಗಬೇಕು, ಮಗುವಿಗೆ ತುತ್ತಿಟ್ಟ ಹಾಗೆ.

ಒಂದು ತಮಾಷೆ. ಫಾರ್ಮುಲಾ ಒನ್ ರೇಸಿನಲ್ಲಿ ಲಾಂಚ್ ಕಂಟ್ರೋಲ್ 2004ರಿಂದ ನಿಷಿದ್ಧ. ಅಲ್ಲಿನ ಚಾಲಕರು ಸ್ಟಿಯರಿಂಗ್ ಹಿಂದಿನ ಕ್ಲಚ್ ಪ್ಯಾಡಲ್ ಎಂಬ ಸಣ್ಣ ಸನ್ನೆಯನ್ನು ಬೆರಳಿನಿಂದಲೇ ಅಂದಾಜು ಮಾಡಿ ಬಿಡುತ್ತಾರೆ. ಅವರಿಗಿಲ್ಲದ ಸೌಲಭ್ಯ ಕೋರೆಗಾಂವ್ ಪಾರ್ಕಿನ ಪೇಟೆಗೆ ಬ್ರೆಡ್ ತರಲು ಹೋಗುವ ಕಾರಿನಲ್ಲಿದೆ.

ಎಣ್ಣೆ ಜಾರುವ ಬದಲು ಕ್ಲಚ್ ಜಾರುವ ಆಟೊಮ್ಯಾಟಿಕ್‌ಗಳೂ ಇವೆ. ಎರಡು ಕ್ಲಚ್‌ಗಳ ಗೇರ್‌ಬಾಕ್ಸ್ ಸಾಮಾನ್ಯ ಕಾರಿಗೆ ಬಂದದ್ದು 2003ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಜೊತೆ. ಪೋರ್ಶೆ ಪಿಡಿಕೆ ಎಂಬ ತನ್ನ ಎರಡು ಕ್ಲಚ್ಚಿನ ಗೇರ್‌ಬಾಕ್ಸನ್ನು 1980ರ ದಶಕದಲ್ಲೇ ರೇಸ್ ಕಾರುಗಳಲ್ಲಿ ಓಡಿಸಿ, 2008ರಲ್ಲಿ ತನ್ನ 911 ಸ್ಪೋರ್ಟ್ಸ್ ಕಾರಿಗೆ ಕೊಟ್ಟಿತು. ನಮ್ಮ ಪಕ್ಕದ ಚಾಕಣದಲ್ಲೇ ತಯಾರಾದ ಪೋಲೊ ಜಿಟಿ ಟಿಎಸ್ಐ 2013ರಲ್ಲಿ ಇದೇ ವಿದ್ಯೆಯೊಂದಿಗೆ ಪೇಟೆಗೆ ಬಂತು. ಇವುಗಳಲ್ಲಿ ಕನ್ವರ್ಟರಿನ ಎರಡು ಪಟ್ಟಿನ ಲಾಭ ಇಲ್ಲ. ಅದನ್ನು ಎಂಜಿನ್ ಸುತ್ತು ಏರಿಸಿ ಕ್ಲಚ್ ಜಾರಿಸಿ ಸರಿದೂಗಿಸುತ್ತಾರೆ. ಗೇರ್ ಬದಲಾಗುವಾಗ ಎಳೆತ ತುಂಡಾಗುವುದಿಲ್ಲ ಎಂಬುದು ಇವುಗಳ ಹೆಮ್ಮೆ. ಮರ್ಸಿಡಿಸ್‌ನ ವೇಗದ ಕಾರುಗಳ ವಿಭಾಗ ಎಎಂಜಿ 2008ರಲ್ಲಿ ಎಸ್ಎಲ್ 63ರಲ್ಲಿ ಇನ್ನೊಂದು ದಾರಿ ಹಿಡಿಯಿತು: ಗೇರ್‌ಬಾಕ್ಸ್ ಮಾಮೂಲು ಆಟೊಮ್ಯಾಟಿಕ್, ಆದರೆ ಕನ್ವರ್ಟರ್ ತೆಗೆದು ಆ ಜಾಗಕ್ಕೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚು. ಕನ್ವರ್ಟರ್ ಕಾಲ ಮುಗಿಯಿತು ಎಂದು ನಾವೆಲ್ಲ ಅಂದುಕೊಂಡಿದ್ದೆವು. 2017ರಲ್ಲಿ ಬಿಎಂಡಬ್ಲ್ಯು ತನ್ನ ಹೊಸ ಎಂ5ರಲ್ಲಿ ಎರಡು ಕ್ಲಚ್ಚಿನದನ್ನು ಬಿಟ್ಟು ಮತ್ತೆ ಕನ್ವರ್ಟರಿಗೆ ಮರಳಿತು. ಭೋಸರಿಯಲ್ಲಿ ಅಂದು ನಾನು ಹುಡುಗರಿಗೆಲ್ಲ ಬಾಳೆಕಾಯಿ ಬಜ್ಜಿ ಕೊಡಿಸಿದೆ.

ಇಷ್ಟೆಲ್ಲ ಹೇಳಿದರೂ ಗೇರ್‌ಬಾಕ್ಸಿನವನಾಗಿ ಒಪ್ಪಲು ಕಷ್ಟವಾಗುವ ಸತ್ಯವೊಂದಿದೆ. ಕೊನೆಯ ತೀರ್ಪು ಟೈರಿನದು. ಪ್ರತಿ ಟೈರು ರಸ್ತೆಯನ್ನು ಮುಟ್ಟುವುದು ಅಂಗೈಯಗಲ ಜಾಗದಲ್ಲಿ. ಒಳ್ಳೆಯ ರಸ್ತೆ ಟೈರಿನ ಹಿಡಿತ ಹೆಚ್ಚೆಂದರೆ ಅದರ ಮೇಲಿರುವ ಭಾರದಷ್ಟು ಎಂದುಕೊಳ್ಳಿ. ನಾಲ್ಕೂ ಚಕ್ರ ಎಳೆದರೆ ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ 2.8 ಸೆಕೆಂಡು, ಅದಕ್ಕಿಂತ ಬೇಗ ಸಾಧ್ಯವಿಲ್ಲ, ಎಂಜಿನ್‌ಗೆ ಸಾವಿರ ಕುದುರೆ ಕಟ್ಟಿದರೂ. ಅದಕ್ಕಿಂತ ಬೇಗ ಹೋಗುವ ಕಾರುಗಳಿಗೆ ಅದಕ್ಕಿಂತ ಅಂಟುವ ಟೈರು ಇರುತ್ತದೆ.

ಹೊರಡುವಾಗ ಭಾರ ಹಿಂದಕ್ಕೆ ಸರಿಯುತ್ತದೆ. ಸ್ವಾರಗೇಟಿನಲ್ಲಿ ಸಿಟಿ ಬಸ್ಸು ಹತ್ತಿ ಕಂಬ ಹಿಡಿಯುವ ಮುಂಚೆಯೇ ಚಾಲಕ ಗಾಡಿ ಎತ್ತಿದಾಗ ನಿಮ್ಮ ಇಡೀ ಭಾರ ಹಿಮ್ಮಡಿಗೆ ಬರುತ್ತದಲ್ಲ, ಹಾಗೆ. 1500 ಕಿಲೋ ಕಾರು ಜೋರಾಗಿ ಹೊರಟರೆ ಸುಮಾರು 200 ಕಿಲೋ ಮುಂದಿನ ಚಕ್ರಗಳಿಂದ ಹಿಂದಿನ ಚಕ್ರಗಳಿಗೆ ವರ್ಗವಾಗುತ್ತದೆ. ಮುಂದೆ ಕುಳಿತಿದ್ದ ಇಬ್ಬರು ದಪ್ಪ ನೆಂಟರು ಎದ್ದು ಡಿಕ್ಕಿಯ ಕಡೆ ಹೋದಂತೆ. ಹಿಂದಿನ ಚಕ್ರ ಎಳೆಯುವ ಕಾರಿಗೆ ಇದು ವರ, ಮುಂದಿನ ಚಕ್ರದ ಕಾರಿಗೆ ಶಾಪ. ಕಾಗದದ ಲೆಕ್ಕದಲ್ಲಿ ಅದೇ ಟೈರಿನಲ್ಲಿ ಹಿಂದಿನ ಚಕ್ರದ ಕಾರು ನಾಲ್ಕು ಸೆಕೆಂಡಿನ ಸುತ್ತಮುತ್ತ ನೂರು ಮುಟ್ಟಿದರೆ, ಮುಂದಿನ ಚಕ್ರದ್ದು ಐದೂವರೆಗಿಂತ ಕೆಳಗಿಳಿಯುವುದಿಲ್ಲ. 911ರಲ್ಲಿ ಎಂಜಿನ್ ಹಿಂದಿನ ಆಕ್ಸಲ್ಲಿನ ಆಚೆಗಿದೆ. ತಿರುವಿನಲ್ಲಿ ಅದು ಕೊಡುವ ಕಾಟ ಬೇರೆ ಮಾತು, ಹೊರಡುವಾಗ ಮಾತ್ರ ಪುಣ್ಯ.

ಇಲ್ಲೂ ಜಾರುವಿಕೆ ಬಂತು ನೋಡಿ. ಟೈರಿಗೆ ಅತಿ ಹೆಚ್ಚು ಹಿಡಿತ ಸಿಗುವುದು ಅದು ಒಂದಿಷ್ಟೂ ಜಾರದಿರುವಾಗ ಅಲ್ಲ, ರಸ್ತೆಗಿಂತ ಸುಮಾರು ಹತ್ತು ಹದಿನೈದು ಶೇಕಡ ಹೆಚ್ಚು ತಿರುಗುತ್ತಿರುವಾಗ. ಕಿವಿಗೆ ಅದು ಸಣ್ಣ ಚೀರಾಟದಂತೆ ಕೇಳುತ್ತದೆ. ದೊಡ್ಡ ಕಿರುಚಾಟ, ಬಿಳಿ ಹೊಗೆ, ನೋಡುವವರ ಚಪ್ಪಾಳೆ ಇವೆಲ್ಲ ಬಂದರೆ ನೀವು ಆಗಲೇ ಸೋತಿದ್ದೀರಿ. ರಸ್ತೆಯ ಮೇಲೆ ಮರಳಿದ್ದರೆ, ಮೊದಲ ಮಳೆಗೆ ಎಣ್ಣೆ ತೇಲಿದ್ದರೆ, ಲೆಕ್ಕವೆಲ್ಲ ತಲೆಕೆಳಗು. ಮುಂಬೈಗೆ ಹೋಲಿಸಿದರೆ ನಮ್ಮ ಪುಣೆ 560 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಟರ್ಬೊ ಇಲ್ಲದ ಎಂಜಿನ್ ಶೇಕಡ ಐದಾರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ಹಿಡಿತವೇ ಇಲ್ಲದಿದ್ದಾಗ ಆ ನಷ್ಟವನ್ನು ಯಾರು ಗಮನಿಸುತ್ತಾರೆ?

ಪತ್ರಿಕೆಗಳ ಅಂಕಿಗಳನ್ನು ನಂಬುವ ಮುನ್ನ ಇನ್ನೊಂದು ತಿಳಿದಿರಲಿ. ಅಮೆರಿಕದ ಪತ್ರಿಕೆಗಳು ಡ್ರ್ಯಾಗ್ ಸ್ಪರ್ಧೆಯ ರೂಢಿಯಂತೆ ಮೊದಲ ಒಂದು ಅಡಿ ಓಟವನ್ನು ಸಮಯದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಅಡಿ ತಾನೇ ಎನ್ನಬೇಡಿ, ನಿಂತ ಕಾರಿಗೆ ಆ ಅಡಿ ದಾಟಲು ಸುಮಾರು 0.3 ಸೆಕೆಂಡು ಬೇಕು.

ಪ್ರಶ್ನೋತ್ತರದಲ್ಲಿ ಕಾಲೇಜು ಹುಡುಗನೊಬ್ಬ ಎದ್ದು, ನ್ಯೂಟ್ರಲ್‌ನಲ್ಲಿ ಎಂಜಿನ್ ಏರಿಸಿ ಫಕ್ಕನೆ ಡ್ರೈವ್‌ಗೆ ಹಾಕಿದರೆ ಹೇಗೆ ಎಂದು ಕೇಳಿದ. ವಿಡಿಯೊದಲ್ಲಿ ನೋಡಿದ್ದನಂತೆ. ನನ್ನ ಅನ್ನಕ್ಕೆ ಅದು ಬಹಳ ಒಳ್ಳೆಯದು ಎಂದೆ. ನಾಲ್ಕು ಸಾವಿರ ಸುತ್ತಿನಲ್ಲಿರುವ ಎಂಜಿನ್ನು ಮತ್ತು ನಿಂತ ಗಾಡಿಯ ನಡುವೆ ಗೇರ್‌ಬಾಕ್ಸಿನ ಒಳಗಿನ ತೆಳ್ಳನೆಯ ಕ್ಲಚ್ ತಟ್ಟೆಗಳು ಸಿಕ್ಕಿಹಾಕಿಕೊಳ್ಳುತ್ತವೆ. ಅವುಗಳನ್ನು ಮಾಡಿರುವುದು ಗೇರ್ ಬದಲಿಸುವುದಕ್ಕೆ, ಗಾಡಿ ಎತ್ತುವುದಕ್ಕಲ್ಲ. ಸಡಿಲ ಹಗ್ಗವನ್ನು ಜಗ್ಗಿದ ಕಥೆಯೇ ಇದು. ತಟ್ಟೆ ಉಳಿದರೆ ಆಕ್ಸಲ್ ಹೋಗುತ್ತದೆ. ಲಾಂಚ್ ಕಂಟ್ರೋಲನ್ನೂ ದಿನಾ ಬಳಸುವ ಹಾಗಿಲ್ಲ. ಎಷ್ಟು ಸಲ ಹಾರಿದ್ದೀರಿ ಎಂಬುದನ್ನು ಅನೇಕ ಕಾರುಗಳ ಕಂಪ್ಯೂಟರು ಬರೆದಿಟ್ಟುಕೊಂಡಿರುತ್ತದೆ. ವಾರಂಟಿ ಕೇಳಲು ಹೋದಾಗ ಆ ಚಿತ್ರಗುಪ್ತನ ಲೆಕ್ಕ ಹೊರಬರುತ್ತದೆ.

ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಕೇಳಿದರು: "ನಮ್ಮ ಮಗ ಕಾತ್ರಜ್ ಘಾಟಿನ ಏರಿನಲ್ಲಿ ಬ್ರೇಕು ಹಿಡಿಯುವುದಿಲ್ಲ ನೋಡಪ್ಪ, ಆಕ್ಸಿಲರೇಟರನ್ನೇ ಒಂಚೂರು ಒತ್ತಿ ಗಾಡಿ ನಿಲ್ಲಿಸಿಕೊಂಡಿರುತ್ತಾನೆ. ಕ್ಲಚ್ ಇಲ್ಲ, ಏನೂ ಸವೆಯುವುದಿಲ್ಲ ಎನ್ನುತ್ತಾನೆ. ಹೌದಾ?" ಇಡೀ ಮಧ್ಯಾಹ್ನದ ಅತ್ಯುತ್ತಮ ಪ್ರಶ್ನೆ ಅದು. ಇಲ್ಲ ಅಜ್ಜಿ, ಎಣ್ಣೆ ಜಾರುತ್ತಿದೆ, ಜಾರಿದಷ್ಟೂ ಹೊತ್ತು ಕಾಯುತ್ತಿದೆ, ಎರಡು ಕ್ಲಚ್ಚಿನ ಗಾಡಿಯಾಗಿದ್ದರೆ ಕ್ಲಚ್ಚೇ ಸುಡುತ್ತಿದೆ, ಬ್ರೇಕು ಹಿಡಿಯಲು ಹೇಳಿ ಎಂದೆ. ಸುಟ್ಟದ್ದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರು. ಜೊತೆಗೆ ತಂದಿದ್ದ ಎರಡು ಕಾಗದಗಳನ್ನು ಅವರ ಕೈಗೆ ಕೊಟ್ಟೆ. ಒಂದರ ಮೇಲೆ ಹೊಸ ಎಣ್ಣೆಯ ತೊಟ್ಟು, ದಾಸವಾಳದ ಕೆಂಪು, ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದರ ಮೇಲೆ ಹಿಂದಿನ ವಾರ ಒಂದು ಗಾಡಿಯಿಂದ ಇಳಿಸಿದ್ದು, ಕಾಫಿ ಡಿಕಾಕ್ಷನ್ ಬಣ್ಣ, ತಳ ಹಿಡಿದ ಪಾತ್ರೆಯ ವಾಸನೆ. ಅಜ್ಜಿ ಎರಡನ್ನೂ ಮೂಸಿ, ಮುಖ ಕಿವಿಚಿ, ಪಕ್ಕದವರಿಗೆ ದಾಟಿಸಿದರು. ಕಾಗದಗಳು ಸಾಲಿನಿಂದ ಸಾಲಿಗೆ ಹೋಗಿ, ಚಹಾ ಬರುವ ಹೊತ್ತಿಗೆ ಕೊನೆಯ ಸಾಲು ಮುಟ್ಟಿದ್ದವು.